ನೀರನ್ನು ಎತ್ತುವ ಲೆಕ್ಕ

ಹಾಸನ ಜಿಲ್ಲೆಯ ಬೇಲೂರಿಗೂ ಹಳೇಬೀಡಿಗೂ ನಡುವೆ ಇರುವ ದೂರ ಹದಿನೈದಿಪ್ಪತ್ತು ಕಿಲೋಮೀಟರಿಗಿಂತ ಹೆಚ್ಚಿಲ್ಲವಾದರೂ, ಈ ಎರಡು ಊರುಗಳಲ್ಲಿ ಬಿದ್ದ ಮಳೆ ಒಂದೇ ನದಿಯನ್ನು ಸೇರುವುದಿಲ್ಲ. ಬೇಲೂರಿನ ನೀರು ಯಗಚಿಗೆ ಇಳಿದು, ಹೇಮಾವತಿಯನ್ನು ಕೂಡಿಕೊಂಡು ಕಾವೇರಿಯ ಪಾಲಾಗುತ್ತದೆ. ಹಳೇಬೀಡಿನ ಕೆರೆಯ ಕೋಡಿ ಬಿದ್ದ ನೀರೂ ಅರಸೀಕೆರೆ ತಾಲ್ಲೂಕಿನ ಉತ್ತರದ ಹಳ್ಳಗಳ ನೀರೂ ವೇದಾವತಿಯ ಕಡೆಗೆ ಹರಿದು, ವಾಣಿ ವಿಲಾಸ ಸಾಗರವನ್ನು ಹಾದು, ತುಂಗಭದ್ರೆಯ ಮೂಲಕ ಕೃಷ್ಣೆಯನ್ನು ಸೇರುವ ದಾರಿ ಹಿಡಿಯುತ್ತದೆ. ಕಾವೇರಿ ಮತ್ತು ಕೃಷ್ಣಾ ಕೊಳ್ಳಗಳನ್ನು ಬೇರ್ಪಡಿಸುವ ಈ ದಿಣ್ಣೆ ಕಣ್ಣಿಗೆ ಬೆಟ್ಟದಂತೆ ಕಾಣುವುದಿಲ್ಲ, ರಾಗಿ ಹೊಲಗಳ ಮತ್ತು ತೆಂಗಿನ ತೋಟಗಳ ನಡುವೆ ನಿಧಾನವಾಗಿ ಏರಿ ನಿಧಾನವಾಗಿ ಇಳಿಯುತ್ತದೆ. ಆದರೆ ಈ ಸೀಮೆಯ ನೀರಿನ ಇತಿಹಾಸವನ್ನೂ ಇಂದಿನ ವಿದ್ಯುತ್ ಬಿಲ್ಲನ್ನೂ ನಿರ್ಧರಿಸುವುದು ಅದೇ.

ಅರಸೀಕೆರೆ ಪಟ್ಟಣದ ಸ್ಥಿತಿ ಇದಕ್ಕೆ ಸ್ಪಷ್ಟವಾದ ನಿದರ್ಶನ. ಗೊರೂರಿನ ಹೇಮಾವತಿ ಜಲಾಶಯದ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 2,922 ಅಡಿ, ಅಂದರೆ ಸುಮಾರು 890 ಮೀಟರ್. ಅರಸೀಕೆರೆ ಇರುವುದು 800 ಮೀಟರಿನ ಆಸುಪಾಸಿನಲ್ಲಿ. ನಕ್ಷೆಯ ಮೇಲೆ ಬರೀ ಈ ಎರಡು ಅಂಕಿಗಳನ್ನು ನೋಡಿದವರಿಗೆ ಹೇಮಾವತಿಯ ನೀರು ತಾನಾಗಿಯೇ ಅರಸೀಕೆರೆಗೆ ಇಳಿದು ಬರಬೇಕೆಂದು ತೋರುತ್ತದೆ. ಆದರೆ ನಡುವೆ ಹಾಸನದ ಎತ್ತರದ ನೆಲ ಅಡ್ಡವಿರುವುದರಿಂದ, ನೀರನ್ನು ಮೊದಲು ದಿಣ್ಣೆಯ ನೆತ್ತಿಗೆ ಎತ್ತಿ, ಆಮೇಲೆ ಆಚೆ ಬದಿಗೆ ಇಳಿಯಬಿಡದೆ ಬೇರೆ ಉಪಾಯವಿಲ್ಲ. ಹೀಗೆ ತಗ್ಗಿನಿಂದ ದಿಣ್ಣೆಗೆ ನೀರನ್ನು ಏರಿಸುವುದಕ್ಕೆ ಕಟ್ಟುವ ವ್ಯವಸ್ಥೆಯೇ ಪಂಪ್‌ಹೌಸ್. ಕುಡಿಯುವ ನೀರಿಗೆ ಒಂದು ಬಗೆಯದು, ಒಳಚರಂಡಿಯ ಕೊಳಚೆಗೆ ಇನ್ನೊಂದು ಬಗೆಯದು, ಮಳೆನೀರಿಗೆ ಮತ್ತೊಂದು ಬಗೆಯದು ಬೇಕಾಗುತ್ತದೆ. ಮೂರರಲ್ಲಿಯೂ ಪಂಪು ಬಹುಮಟ್ಟಿಗೆ ಒಂದೇ ತತ್ವದ್ದಾದರೂ, ವಿನ್ಯಾಸ ಮಾಡುವವನು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರರಲ್ಲಿಯೂ ಬೇರೆಯಾಗುತ್ತವೆ.

ಎತ್ತರದ ಬೆಲೆ

ಒಂದು ಘನ ಮೀಟರ್ ನೀರು, ಅಂದರೆ ಸಾವಿರ ಲೀಟರ್, ಒಂದು ಟನ್ ತೂಗುತ್ತದೆ. ಅದನ್ನು ಒಂದು ಮೀಟರ್ ಮೇಲಕ್ಕೆತ್ತಲು ಬೇಕಾದ ಶಕ್ತಿ ಸುಮಾರು 9,810 ಜೂಲ್. ಒಂದು ಯೂನಿಟ್ ವಿದ್ಯುತ್ತಿನಲ್ಲಿ 36 ಲಕ್ಷ ಜೂಲ್ ಇರುವುದರಿಂದ, ಸ್ವಲ್ಪವೂ ನಷ್ಟವಿಲ್ಲದ ಆದರ್ಶ ಯಂತ್ರವೊಂದು ಒಂದು ಯೂನಿಟ್ಟಿನಲ್ಲಿ 367 ಘನ ಮೀಟರ್ ನೀರನ್ನು ಒಂದು ಮೀಟರ್ ಎತ್ತಬಲ್ಲದು. ನಿಜವಾದ ಪಂಪು ಮತ್ತು ಮೋಟಾರು ಸೇರಿ ನೂರಕ್ಕೆ ಎಪ್ಪತ್ತರಷ್ಟು ಶಕ್ತಿಯನ್ನು ನೀರಿಗೆ ತಲುಪಿಸಿದರೆ, ಆ ಅಂಕಿ 257ಕ್ಕೆ ಇಳಿಯುತ್ತದೆ. 2011ರ ಜನಗಣತಿಯಲ್ಲಿ ಅರಸೀಕೆರೆ ಪಟ್ಟಣದ ಜನಸಂಖ್ಯೆ ಸುಮಾರು 53 ಸಾವಿರ; ಒಳಚರಂಡಿ ಇರುವ ಪಟ್ಟಣಗಳಿಗೆ ಕೇಂದ್ರ ಸರ್ಕಾರದ ಕೈಪಿಡಿ ನಿಗದಿ ಮಾಡಿರುವ ಪ್ರಮಾಣ ತಲೆಗೆ ದಿನಕ್ಕೆ 135 ಲೀಟರ್. ಈ ಲೆಕ್ಕದಲ್ಲಿ ಊರಿಗೆ ದಿನವೊಂದಕ್ಕೆ ಬೇಕಾಗುವುದು ಸುಮಾರು 7,150 ಘನ ಮೀಟರ್ ನೀರು, ಮತ್ತು ಅದನ್ನು ಏರಿಸುವ ಪ್ರತಿ ಒಂದು ಮೀಟರಿಗೆ ದಿನಕ್ಕೆ 28 ಯೂನಿಟ್ ವಿದ್ಯುತ್ತು. ನೂರು ಮೀಟರ್ ಏರಿಸಬೇಕಾದರೆ ವರ್ಷಕ್ಕೆ ಹತ್ತು ಲಕ್ಷ ಯೂನಿಟ್ ದಾಟುತ್ತದೆ. ಒಮ್ಮೆ ಕಟ್ಟಿ ಮುಗಿಸಿದರೆ ಖರ್ಚು ತೀರಿತು ಎನ್ನುವ ಕಾಮಗಾರಿ ಇದಲ್ಲ. ಎತ್ತರದ ಬೆಲೆಯನ್ನು ಯೋಜನೆ ಬದುಕಿರುವಷ್ಟು ಕಾಲವೂ ತೆರುತ್ತಲೇ ಇರಬೇಕು.

ಪಂಪು ಎದುರಿಸಬೇಕಾದ ಎತ್ತರದಲ್ಲಿ ಎರಡು ಭಾಗಗಳಿವೆ. ಕೆಳಗಿನ ನೀರಿನ ಮಟ್ಟದಿಂದ ಮೇಲಿನ ತೊಟ್ಟಿಯ ಮಟ್ಟದವರೆಗಿನ ಅಂತರ ಒಂದು. ಇದು ನೆಲ ಕೊಟ್ಟದ್ದು, ಎಂಜಿನಿಯರ್ ಬದಲಿಸಲಾರ. ಕೊಳವೆಯ ಗೋಡೆಗೆ ಉಜ್ಜಿಕೊಂಡು ಹರಿಯುವಾಗ ನೀರು ಕಳೆದುಕೊಳ್ಳುವ ಒತ್ತಡವನ್ನೂ ಮೀಟರುಗಳಲ್ಲಿ ಅಳೆದು ಇದಕ್ಕೆ ಕೂಡಿಸುತ್ತಾರೆ. ಇದು ಎರಡನೆಯದು, ಘರ್ಷಣೆಯ ನಷ್ಟ. ಎಂಜಿನಿಯರನ ಜಾಣತನಕ್ಕೆ ಅವಕಾಶವಿರುವುದು ಇಲ್ಲಿ. ಅಷ್ಟೇ ನೀರನ್ನು ಸಾಗಿಸುವಾಗ ಈ ನಷ್ಟ ಕೊಳವೆಯ ವ್ಯಾಸದ ಐದನೆಯ ಘಾತಕ್ಕೆ ವಿಲೋಮವಾಗಿ ಬದಲಾಗುವುದರಿಂದ, ವ್ಯಾಸವನ್ನು ನೂರಕ್ಕೆ ಹತ್ತು ಹೆಚ್ಚಿಸಿದರೆ ನಷ್ಟ ನೂರಕ್ಕೆ 38ರಷ್ಟು ತಗ್ಗುತ್ತದೆ. ಸಣ್ಣ ಕೊಳವೆ ಹಾಕಿ ಟೆಂಡರಿನಲ್ಲಿ ಉಳಿಸಿದ ಹಣವನ್ನು ಮುಂದಿನ ಮೂವತ್ತು ವರ್ಷ ವಿದ್ಯುತ್ ಬಿಲ್ಲಿನಲ್ಲಿ ಕಟ್ಟಬೇಕಾಗುತ್ತದೆ. ಆದ್ದರಿಂದ ಕೊಳವೆಯ ಬೆಲೆ ಮತ್ತು ವಿದ್ಯುತ್ತಿನ ಬೆಲೆ ಎರಡನ್ನೂ ಕೂಡಿಸಿದ ಮೊತ್ತ ಎಲ್ಲಿ ಅತಿ ಕಡಿಮೆಯಾಗುತ್ತದೋ ಆ ವ್ಯಾಸವನ್ನು ಆರಿಸುವುದು ಒಳ್ಳೆಯ ವಿನ್ಯಾಸದ ಮೊದಲ ನಿಯಮ.

ಪಂಪಿನ ಮಿತಿ

ಇಂದು ಬಳಕೆಯಲ್ಲಿರುವ ಹೆಚ್ಚಿನ ಪಂಪುಗಳು ಕೇಂದ್ರಾಪಗಾಮಿ ಬಗೆಯವು. ಮಜ್ಜಿಗೆ ಕಡೆಯುವಾಗ ಮೊಸರು ಗಡಿಗೆಯ ನಡುವಿನಿಂದ ಸರಿದು ಅಂಚಿಗೆ ಏರುವಂತೆ, ಪಂಪಿನ ಒಳಗೆ ತಿರುಗುವ ರೆಕ್ಕೆಚಕ್ರ ನೀರನ್ನು ನಡುವಿನಿಂದ ಹೊರಕ್ಕೆ ಎಸೆಯುತ್ತದೆ. ಆ ವೇಗವೇ ಹೊರಗಿನ ಕವಚದಲ್ಲಿ ಒತ್ತಡವಾಗಿ ಮಾರ್ಪಟ್ಟು ನೀರನ್ನು ಕೊಳವೆಯೊಳಕ್ಕೆ ಏರಿಸುತ್ತದೆ. ಇಂಥ ಪಂಪು ಇಷ್ಟೇ ನೀರು ಕೊಡುತ್ತದೆಂದು ಹೇಳುವಂತಿಲ್ಲ. ಎತ್ತರ ಹೆಚ್ಚಿದಷ್ಟೂ ಅದು ಕೊಡುವ ನೀರು ಕಡಿಮೆಯಾಗುತ್ತದೆ. ಇತ್ತ ಕೊಳವೆಯಲ್ಲಿ ಹರಿವು ಹೆಚ್ಚಿದಷ್ಟೂ ಘರ್ಷಣೆ ಹೆಚ್ಚಿ, ಎದುರಿಸಬೇಕಾದ ಎತ್ತರ ಏರುತ್ತದೆ. ಕಾಗದದ ಮೇಲೆ ಈ ಎರಡು ರೇಖೆಗಳನ್ನು ಎಳೆದರೆ ಅವು ಒಂದನ್ನೊಂದು ಕತ್ತರಿಸುವ ಬಿಂದುವಿನಲ್ಲಿಯೇ ಪಂಪು ಕೆಲಸ ಮಾಡುತ್ತದೆ. ಒಂದು ಪಂಪು ಸಾಲದೆಂದು ಅದೇ ಕೊಳವೆಗೆ ಇನ್ನೊಂದನ್ನು ಜೋಡಿಸಿದರೆ ನೀರು ಎರಡರಷ್ಟಾಗದಿರುವುದಕ್ಕೆ ಇದೇ ಕಾರಣ. ಬೇಕಾದದ್ದಕ್ಕಿಂತ ಹೆಚ್ಚು ಎಚ್‌ಪಿಯ ಪಂಪು ಕೂರಿಸಿದರೆ, ಅದು ತನ್ನ ಉತ್ತಮ ದಕ್ಷತೆಯ ಬಿಂದುವಿನಿಂದ ದೂರ ಸರಿದು ಓಡುತ್ತ, ವಿದ್ಯುತ್ತನ್ನು ನುಂಗಿ, ಬೇರಿಂಗುಗಳನ್ನು ಬೇಗ ಸವೆಸುತ್ತದೆ.

ಇನ್ನೊಂದು ಮಿತಿಯನ್ನು ವಾತಾವರಣವೇ ಹಾಕಿದೆ. ಪಂಪು ನೀರನ್ನು ಎಳೆಯುತ್ತದೆ ಎಂಬ ಮಾತು ರೂಢಿಯಲ್ಲಿದ್ದರೂ, ವಾಸ್ತವವಾಗಿ ಪಂಪು ತನ್ನ ಬಾಯಲ್ಲಿ ಒತ್ತಡವನ್ನು ತಗ್ಗಿಸುತ್ತದೆ, ಹೊರಗಿನ ಗಾಳಿಯ ಭಾರ ನೀರನ್ನು ಮೇಲಕ್ಕೆ ದೂಡುತ್ತದೆ. ಸಮುದ್ರಮಟ್ಟದಲ್ಲಿ ಗಾಳಿ ಹೀಗೆ ತಳ್ಳಬಲ್ಲ ಗರಿಷ್ಠ ಎತ್ತರ 10.3 ಮೀಟರ್, ಅರಸೀಕೆರೆಯ ಎತ್ತರದಲ್ಲಿ ಅದು ಸುಮಾರು 9.4 ಮೀಟರಿಗೆ ಇಳಿಯುತ್ತದೆ, ಇನ್ನೂ ಎತ್ತರದಲ್ಲಿರುವ ಬೇಲೂರಿನಲ್ಲಿ ಮತ್ತಷ್ಟು ಕಡಿಮೆಯಾಗುತ್ತದೆ. ನೀರಿನ ಆವಿಯ ಒತ್ತಡವನ್ನೂ ಕೊಳವೆಯ ನಷ್ಟವನ್ನೂ ಕಳೆದರೆ ಬಳಕೆಗೆ ಸಿಗುವುದು ಆರು ಮೀಟರಿನಷ್ಟು. ಬಯಲುಸೀಮೆಯ ರೈತರು ತೆರೆದ ಬಾವಿಗಳ ಕಾಲದಲ್ಲಿ ಪಂಪ್‌ಸೆಟ್ಟನ್ನು ದಂಡೆಯ ಮೇಲಿಡದೆ, ಬಾವಿಯ ಒಳಗೋಡೆಗೆ ಅಡ್ಡವಾಗಿ ತೊಲೆ ಹಾಯಿಸಿ ಅದರ ಮೇಲೆ ಕೂರಿಸುತ್ತಿದ್ದದ್ದು, ನೀರು ಕೆಳಗಿಳಿದಂತೆ ಅದನ್ನೂ ಇನ್ನಷ್ಟು ಕೆಳಗಿಳಿಸುತ್ತಿದ್ದದ್ದು ಇದೇ ಭೌತನಿಯಮಕ್ಕೆ ತಲೆಬಾಗಿ. ಈ ಮಿತಿಯನ್ನು ಮೀರಿ ಎಳೆಯಹೊರಟ ಪಂಪಿನ ಬಾಯಲ್ಲಿ ನೀರು ತಣ್ಣಗಿದ್ದಂತೆಯೇ ಕುದಿದು ಗುಳ್ಳೆಗಳಾಗುತ್ತದೆ. ಆ ಗುಳ್ಳೆಗಳು ರೆಕ್ಕೆಚಕ್ರದ ಮೇಲೆ ಒಡೆಯುವಾಗ ಜಲ್ಲಿಕಲ್ಲು ಉರುಳಿದಂಥ ಸದ್ದು ಕೇಳಿ, ಕೆಲವೇ ತಿಂಗಳಲ್ಲಿ ಲೋಹ ತೂತುತೂತಾಗುತ್ತದೆ. ನದಿದಂಡೆಯಲ್ಲಿ ತೋಡುವ, ಜಾಕ್‌ವೆಲ್ ಎಂಬ ಬಾವಿಯಲ್ಲಿ ಪಂಪನ್ನು ಬೇಸಿಗೆಯ ಕನಿಷ್ಠ ಮಟ್ಟಕ್ಕಿಂತಲೂ ಕೆಳಗೆ ಮುಳುಗಿಸಿ, ಮೋಟಾರನ್ನು ಪ್ರವಾಹದ ಮಟ್ಟಕ್ಕಿಂತ ಮೇಲೆ ಕೂರಿಸಿ, ಎರಡನ್ನೂ ಉದ್ದನೆಯ ದಂಡದಿಂದ ಜೋಡಿಸುವುದು ಈ ಅಪಾಯವನ್ನು ತಪ್ಪಿಸುವುದಕ್ಕಾಗಿಯೇ.

ಶುದ್ಧ ನೀರು: ನಿಂತಾಗಲೇ ಅಪಾಯ

ಶುದ್ಧ ನೀರಿನ ಪಂಪ್‌ಹೌಸಿಗೆ ಕಸದ ಕಾಟವಿಲ್ಲ. ಅದರ ಕಷ್ಟ ದೂರ ಮತ್ತು ಒತ್ತಡ. ಬೆಂಗಳೂರು 1896ರ ಚಾಮರಾಜೇಂದ್ರ ಜಲಕಾಮಗಾರಿಯಲ್ಲಿ ಹೆಸರಘಟ್ಟದ ನೀರನ್ನು ಸೋಲದೇವನಹಳ್ಳಿಯಿಂದ ಉಗಿಯಂತ್ರಗಳ ಬಲದಿಂದ ಏರಿಸಿಕೊಂಡಿತು. ಇಂದು ಅದೇ ನಗರ ತೊರೆಕಾಡನಹಳ್ಳಿಯಿಂದ ಕಾವೇರಿಯನ್ನು ಸುಮಾರು ನೂರು ಕಿಲೋಮೀಟರ್ ದೂರ, ಐನೂರು ಮೀಟರಿನಷ್ಟು ಎತ್ತರ, ಹಾರೋಹಳ್ಳಿ ಮತ್ತು ತಾತಗುಣಿಗಳಲ್ಲಿ ಮತ್ತೆ ಮತ್ತೆ ಎತ್ತಿ ತರಿಸಿಕೊಳ್ಳುತ್ತಿದೆ. ಒಂದೇ ನೆಗೆತಕ್ಕೆ ಏರಿಸದೆ ಹಂತಹಂತವಾಗಿ ಏರಿಸುವುದೇಕೆಂದರೆ, ಐನೂರು ಮೀಟರ್ ಎತ್ತರದ ನೀರಿನ ಒತ್ತಡವನ್ನು ತಡೆಯುವಷ್ಟು ದಪ್ಪನೆಯ ಕೊಳವೆಯನ್ನು ಬಹುದೂರ ಹಾಸುವುದು ದುಬಾರಿ ಮತ್ತು ಅಪಾಯಕರ.

ಆದರೆ ಏರುಕೊಳವೆಗೆ ದೊಡ್ಡ ಗಂಡಾಂತರ ಬರುವುದು ಪಂಪು ಓಡುತ್ತಿರುವಾಗಲ್ಲ, ಕರೆಂಟು ಹೋದ ಕ್ಷಣದಲ್ಲಿ. ಕೊಳವೆಯಲ್ಲಿ ಸಾಗುತ್ತಿರುವ ಸಾವಿರಾರು ಟನ್ ನೀರು ಥಟ್ಟನೆ ನಿಲ್ಲಲಾರದು. ಪಂಪಿನ ಬಳಿ ಒತ್ತಡ ಕುಸಿದು, ಆ ಕುಸಿತ ಸೆಕೆಂಡಿಗೆ ಸಾವಿರ ಮೀಟರಿನಷ್ಟು ವೇಗದ ಅಲೆಯಾಗಿ ಮೇಲಕ್ಕೆ ಓಡಿ, ತುದಿಯಲ್ಲಿ ಪ್ರತಿಫಲಿಸಿ ಹಿಂದಿರುಗುತ್ತದೆ. ನೀರು ಹಿಮ್ಮುಖವಾಗಿ ಹರಿದು ಬಂದು, ಮುಚ್ಚಿಕೊಂಡ ವಾಲ್ವಿಗೆ ಬಡಿಯುತ್ತದೆ. ಇದನ್ನು ನೀರಿನ ಸುತ್ತಿಗೆಪೆಟ್ಟು ಎನ್ನುತ್ತಾರೆ. ಮಾಸ್ಕೋ ನಗರದ ಕೊಳವೆಗಳ ಮೇಲೆ ಪ್ರಯೋಗ ನಡೆಸಿ ನಿಕೊಲಾಯ್ ಜುಕೋವ್‌ಸ್ಕಿ 1898ರಲ್ಲಿ ಕೊಟ್ಟ ಸೂತ್ರದ ಪ್ರಕಾರ, ಸೆಕೆಂಡಿಗೆ ಒಂದೂವರೆ ಮೀಟರ್ ವೇಗದ ಹರಿವು ಏಕಾಏಕಿ ನಿಂತರೆ ಏಳುವ ಹೆಚ್ಚುವರಿ ಒತ್ತಡ 150 ಮೀಟರ್ ಎತ್ತರದ ನೀರಿನ ಕಂಬಕ್ಕೆ ಸಮ. ಬೇಸಿಗೆಯಲ್ಲಿ ಮೇಲಿಂದ ಮೇಲೆ ಕರೆಂಟು ಹೋಗಿ ಬರುವ ಊರಿನ ಕೊಳವೆ ಎಷ್ಟು ಸಲ ಇಂಥ ಪೆಟ್ಟು ತಿನ್ನುತ್ತದೆಂದು ಯೋಚಿಸಿದರೆ, ಗಾಳಿ ತುಂಬಿದ ಒತ್ತಡ ತೊಟ್ಟಿ, ನಿಧಾನವಾಗಿ ಮುಚ್ಚುವ ವಾಲ್ವು, ದಿಣ್ಣೆಯ ನೆತ್ತಿಯಲ್ಲಿ ಗಾಳಿಯನ್ನು ಒಳಬಿಡುವ ವಾಲ್ವುಗಳೆಲ್ಲ ಅಲಂಕಾರವಲ್ಲ, ಕೊಳವೆಯ ಜೀವರಕ್ಷಣೆ ಎಂಬುದು ಅರ್ಥವಾಗುತ್ತದೆ.

ಎತ್ತಿನಹೊಳೆ: ಮೊದಲ ಅಂಕಿಯ ಮಹತ್ವ

ಈ ಸೀಮೆಯ ಮೂಲಕ ಹಾದುಹೋಗುತ್ತಿರುವ ಅತಿ ದೊಡ್ಡ ಎತ್ತುವಿಕೆ ಎತ್ತಿನಹೊಳೆ ಸಮಗ್ರ ಕುಡಿಯುವ ನೀರಿನ ಯೋಜನೆ. ಸಕಲೇಶಪುರ ತಾಲ್ಲೂಕಿನಲ್ಲಿ ಪಶ್ಚಿಮಕ್ಕೆ ಹರಿಯುವ ಹೊಳೆಗಳಿಗೆ ಎಂಟು ಕಡೆ ಒಡ್ಡು ಕಟ್ಟಿ, ಮುಂಗಾರಿನ 139 ದಿನಗಳಲ್ಲಿ 24.01 ಟಿಎಂಸಿ ನೀರನ್ನು ಪಂಪುಗಳಿಂದ ಘಟ್ಟದ ನೆತ್ತಿಗೆ ಏರಿಸಿ, ಅಲ್ಲಿಂದ 250 ಕಿಲೋಮೀಟರಿಗೂ ಉದ್ದದ ಕಾಲುವೆಯಲ್ಲಿ ಗುರುತ್ವಬಲದಿಂದಲೇ ಬೇಲೂರು, ಅರಸೀಕೆರೆ, ತಿಪಟೂರುಗಳ ಕಡೆಯಿಂದ ಪೂರ್ವದ ಬರಪೀಡಿತ ಜಿಲ್ಲೆಗಳಿಗೆ ಹರಿಸುವುದು ಇದರ ರೂಪರೇಷೆ. ವಿಶ್ವೇಶ್ವರಯ್ಯ ಜಲ ನಿಗಮ ಕೈಗೊಂಡ ಈ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್ 6ರಂದು, ಗೌರಿ ಹಬ್ಬದ ದಿನ, ಚಾಲನೆ ದೊರೆಯಿತು. ಮುಂದಿನ ಕಾಲುವೆ ಪೂರ್ಣಗೊಂಡಿರದ ಕಾರಣ ನೀರನ್ನು ವೇದಾವತಿ ಕಣಿವೆಗೆ ತಿರುಗಿಸಿ ವಾಣಿ ವಿಲಾಸ ಸಾಗರದ ಕಡೆಗೆ ಬಿಡಲಾಯಿತು. ಪಶ್ಚಿಮ ಸಮುದ್ರಕ್ಕೆ ಹೊರಟಿದ್ದ ನೀರು ಹೀಗೆ ಪೂರ್ವದ ಕೃಷ್ಣಾ ಕೊಳ್ಳಕ್ಕೆ ಇಳಿಯಿತು. ಎಷ್ಟು ಎತ್ತರಕ್ಕೆ ಏರಿಸಬೇಕು, ಎಲ್ಲಿಂದ ಏರಿಸುವುದನ್ನು ನಿಲ್ಲಿಸಬೇಕು ಎಂಬ ಎರಡು ನಿರ್ಧಾರಗಳನ್ನು ಸರಿಯಾಗಿ ಮಾಡಿದರೆ ಉಳಿದ ದಾರಿಯನ್ನು ನೆಲವೇ ತೋರಿಸುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಇದೇ ಯೋಜನೆ ಇನ್ನೊಂದು ಪಾಠವನ್ನೂ ಕಲಿಸುತ್ತದೆ. 24 ಟಿಎಂಸಿಯನ್ನು 139 ದಿನಗಳಿಗೆ ಹಂಚಿದರೆ ಸರಾಸರಿ ಹರಿವು ಸೆಕೆಂಡಿಗೆ 56 ಘನ ಮೀಟರಿಗೂ ತುಸು ಹೆಚ್ಚು. ಆದರೆ ಘಟ್ಟದ ಹೊಳೆ ಸರಾಸರಿಯಂತೆ ಹರಿಯುವುದಿಲ್ಲ. ಆಷಾಢದ ಜಡಿಮಳೆಯಲ್ಲಿ ಉಕ್ಕಿ, ಮಳೆ ಬಿಡುವು ಕೊಟ್ಟಾಗ ಬಡಕಲಾಗುತ್ತದೆ. ಉಕ್ಕಿದ ನೀರನ್ನೆಲ್ಲ ಹಿಡಿಯುವಷ್ಟು ಪಂಪು ಕೂರಿಸಿದರೆ ಅವು ಬಹುಕಾಲ ಸುಮ್ಮನೆ ನಿಂತಿರುತ್ತವೆ, ಸರಾಸರಿಗೆ ತಕ್ಕಷ್ಟು ಮಾತ್ರ ಕೂರಿಸಿದರೆ ಉಕ್ಕಿದ್ದು ಕೈತಪ್ಪುತ್ತದೆ. ಅದಕ್ಕಿಂತ ಮೂಲಭೂತವಾದದ್ದು ಹೊಳೆಯಲ್ಲಿ ನಿಜವಾಗಿ ಎಷ್ಟು ನೀರಿದೆ ಎಂಬ ಪ್ರಶ್ನೆ. ಭಾರತೀಯ ವಿಜ್ಞಾನ ಸಂಸ್ಥೆಯ ತಂಡವೊಂದು 2015ರಲ್ಲಿ ಈ ಜಲಾನಯನದ ಇಳುವರಿ 9.55 ಟಿಎಂಸಿ ಎಂದು ಅಂದಾಜು ಮಾಡಿತು; ಈ ಹೊಳೆಗಳು ಸೇರುವ ನೇತ್ರಾವತಿಯ ಕೆಳಹರಿವು ಮತ್ತು ಘಟ್ಟದ ಕಾಡಿನ ಬಗ್ಗೆ ದಕ್ಷಿಣ ಕನ್ನಡದ ಜನ ಎತ್ತಿದ ಆತಂಕವೂ ಇದೇ ಪ್ರಶ್ನೆಗೆ ಹೆಣೆದುಕೊಂಡಿದೆ. ಮೊದಲ ಅಂಕಿ ತಪ್ಪಿದರೆ ಎಷ್ಟೇ ಒಳ್ಳೆಯ ಪಂಪೂ ಆ ತಪ್ಪನ್ನು ತಿದ್ದಲಾರದು. ಆದ್ದರಿಂದ ಹೊಳೆಯ ಹರಿವನ್ನು ವರ್ಷಗಟ್ಟಲೆ ಅಳೆಯುವ ನೀರಸವಾದ ಕೆಲಸವೇ ಪಂಪ್‌ಹೌಸಿನ ನಿಜವಾದ ಅಡಿಗಲ್ಲು.

ಕೊಳಚೆ ನೀರು: ಸಮಯದ ಲೆಕ್ಕ

ಮನೆಗೆ ಬಂದ ನೀರಿನಲ್ಲಿ ನೂರಕ್ಕೆ ಎಂಬತ್ತರಷ್ಟು ಕೊಳಚೆಯಾಗಿ ಹೊರಬೀಳುತ್ತದೆಂದು ವಿನ್ಯಾಸದಲ್ಲಿ ಎಣಿಸುವುದು ವಾಡಿಕೆ. ಅರಸೀಕೆರೆಯಷ್ಟು ದೊಡ್ಡ ಊರಿನ ಕೊಳಚೆಯೆಲ್ಲ ಒಂದೇ ಕಡೆ ಸೇರುತ್ತದೆಂದು ಭಾವಿಸಿದರೆ, ಸರಾಸರಿ ಹರಿವು ಸೆಕೆಂಡಿಗೆ 66 ಲೀಟರ್. ಬೆಳಗಿನ ಸ್ನಾನ, ಅಡುಗೆ, ಬಟ್ಟೆ ಒಗೆತದ ಹೊತ್ತಿನಲ್ಲಿ ಅದು ಎರಡೂಕಾಲು ಪಟ್ಟಾಗಿ ಸುಮಾರು 150 ಲೀಟರಿಗೆ ಏರುತ್ತದೆ, ನಡುರಾತ್ರಿಯಲ್ಲಿ ಸರಾಸರಿಯ ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಯುಜಿಡಿ ಎಂದು ಜನ ಕರೆಯುವ ಒಳಚರಂಡಿಯ ಕೊಳವೆಗಳು ಗುರುತ್ವಬಲದಿಂದ ಹರಿಯಬೇಕಾದ್ದರಿಂದ ಸಾಗಿದಷ್ಟೂ ಆಳಕ್ಕಿಳಿಯುತ್ತವೆ. ಇನ್ನು ಅಗೆಯುವುದು ಅಸಾಧ್ಯವೆನಿಸುವ ತಗ್ಗಿನಲ್ಲಿ ಕೊಳಚೆಯನ್ನು ಒಂದು ಬಾವಿಯಲ್ಲಿ ಕೂಡಿಸಿ, ಅಲ್ಲಿಂದ ಶುದ್ಧೀಕರಣ ಘಟಕಕ್ಕೆ ಏರಿಸುತ್ತಾರೆ. ಈ ಬಾವಿಯೇ ವೆಟ್‌ವೆಲ್.

ವೆಟ್‌ವೆಲ್ಲಿನ ಗಾತ್ರ ನಿರ್ಧರಿಸುವುದು ಎರಡು ವಿರುದ್ಧ ಒತ್ತಾಯಗಳ ನಡುವಿನ ಸಂಧಾನ. ಬಾವಿ ತೀರ ಚಿಕ್ಕದಾದರೆ ಪಂಪು ಕ್ಷಣಕ್ಕೊಮ್ಮೆ ಶುರುವಾಗಿ ನಿಂತು, ಪ್ರತಿ ಆರಂಭದ ವಿದ್ಯುತ್ ಸೆಳೆತದಿಂದ ಮೋಟಾರು ಕಾದು ಸುಟ್ಟುಹೋಗುತ್ತದೆ. ಗಂಟೆಗೆ ಆರು ಸಲಕ್ಕಿಂತ ಹೆಚ್ಚು ಶುರುವಾಗಬಾರದೆಂದರೆ, ಸೆಕೆಂಡಿಗೆ 75 ಲೀಟರ್ ಎತ್ತುವ ಪಂಪಿಗೆ ಆರಂಭದ ಮಟ್ಟ ಮತ್ತು ನಿಲುಗಡೆಯ ಮಟ್ಟಗಳ ನಡುವೆ ಬೇಕಾಗುವ ನೀರು 11 ಘನ ಮೀಟರಿಗೆ ತುಸು ಹೆಚ್ಚು. ಒಳಹರಿವು ಪಂಪಿನ ಅರ್ಧದಷ್ಟಿರುವಾಗ ಆರಂಭಗಳು ಅತಿ ಹೆಚ್ಚಾಗುತ್ತವೆ ಎಂಬ ಸರಳ ಗಣಿತದಿಂದ ಈ ಅಂಕಿ ಹೊರಡುತ್ತದೆ: ಎರಡು ಆರಂಭಗಳ ನಡುವಿನ ಕಾಲವನ್ನು ಪಂಪಿನ ಹರಿವಿನಿಂದ ಗುಣಿಸಿ ನಾಲ್ಕರಿಂದ ಭಾಗಿಸಿದರೆ ಸಾಕು. ಹಾಗೆಂದು ಬಾವಿಯನ್ನು ಬೇಕಾದಷ್ಟು ದೊಡ್ಡದು ಮಾಡಿದರೆ, ಕೊಳಚೆ ಅಲ್ಲಿ ಕೊಳೆಯತೊಡಗುತ್ತದೆ. ಆಮ್ಲಜನಕವಿಲ್ಲದ ನೀರಿನಲ್ಲಿ ಬ್ಯಾಕ್ಟೀರಿಯಾಗಳು ಹೈಡ್ರೋಜನ್ ಸಲ್ಫೈಡನ್ನು ಬಿಡುಗಡೆ ಮಾಡುತ್ತವೆ; ಅದು ತೇವದ ಗೋಡೆಯ ಮೇಲೆ ಬೇರೆ ಬ್ಯಾಕ್ಟೀರಿಯಾಗಳ ಕೈಯಲ್ಲಿ ಗಂಧಕಾಮ್ಲವಾಗಿ ಕಾಂಕ್ರೀಟನ್ನು ತಿನ್ನುತ್ತದೆ. ಆದ್ದರಿಂದ ಸರಾಸರಿ ಹರಿವಿನಲ್ಲಿ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಕೊಳಚೆ ನಿಲ್ಲದಂತೆ ನೋಡಿಕೊಳ್ಳುತ್ತಾರೆ.

ಕೊಳೆತ ಮೊಟ್ಟೆಯ ವಾಸನೆಯ ಈ ಅನಿಲದ ಕ್ರೌರ್ಯವೆಂದರೆ, ಪ್ರಮಾಣ ಹೆಚ್ಚಾದಾಗ ಅದು ಮೂಗಿನ ಸಂವೇದನೆಯನ್ನೇ ಕೊಂದುಬಿಡುತ್ತದೆ. ವಾಸನೆ ಹೋಯಿತೆಂದು ಒಳಗಿಳಿದ ಮನುಷ್ಯ ಕೆಲವೇ ಉಸಿರುಗಳಲ್ಲಿ ಕುಸಿದು ಬೀಳಬಹುದು. ಮಲದ ಗುಂಡಿಗೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದ ಮೇಲೂ ದೇಶದಲ್ಲಿ ಇಂಥ ಸಾವುಗಳು ನಿಂತಿಲ್ಲ. ಮನುಷ್ಯ ಒಳಗಿಳಿಯುವ ಅಗತ್ಯವೇ ಬಾರದಂತೆ ವಿನ್ಯಾಸ ಮಾಡುವುದು ಇಲ್ಲಿ ನೀತಿಯೂ ಹೌದು, ತಂತ್ರಜ್ಞಾನವೂ ಹೌದು. ಪಂಪುಗಳನ್ನು ಹಳಿಯ ಮೇಲೆ ಸರಪಳಿಯಿಂದ ಮೇಲೆತ್ತಿ ರಿಪೇರಿ ಮಾಡುವಂತಿರಬೇಕು. ಕಸ ತಡೆಯುವ ಜಾಲರಿ ಯಂತ್ರದಿಂದಲೇ ಸ್ವಚ್ಛಗೊಳ್ಳಬೇಕು. ಬಟ್ಟೆ, ಪ್ಲಾಸ್ಟಿಕ್, ಕೂದಲು ಸಿಕ್ಕಿಕೊಳ್ಳದಂತೆ ರೆಕ್ಕೆಗಳ ನಡುವೆ ಎಂಬತ್ತರಿಂದ ನೂರು ಮಿಲಿಮೀಟರ್ ಸಂದು ಇರಬೇಕು, ಅದಕ್ಕಾಗಿ ದಕ್ಷತೆ ಸ್ವಲ್ಪ ತಗ್ಗಿದರೂ ಚಿಂತೆಯಿಲ್ಲ. ಬಾವಿಯ ತಳ ಇಳಿಜಾರಾಗಿ ಹೂಳೆಲ್ಲ ಪಂಪಿನ ಬಾಯಿಗೆ ಬರುವಂತಿರಬೇಕು.

ಮಳೆನೀರು: ಕೊನೆಯ ಉಪಾಯ

ಮಳೆನೀರಿನ ಪ್ರಮಾಣ ಉಳಿದೆರಡಕ್ಕೂ ಹೋಲಿಕೆಗೆ ಸಿಗದಷ್ಟು ದೊಡ್ಡದು. ಹತ್ತು ಹೆಕ್ಟೇರ್ ವಿಸ್ತಾರದ, ಬಹುಪಾಲು ಕಾಂಕ್ರೀಟ್ ಮತ್ತು ಡಾಂಬರು ಮುಚ್ಚಿದ ಪೇಟೆಯ ಮೇಲೆ ಗಂಟೆಗೆ 60 ಮಿಲಿಮೀಟರ್ ರಭಸದ ಮಳೆ ಸುರಿದು, ಅದರಲ್ಲಿ ನೂರಕ್ಕೆ ಎಪ್ಪತ್ತು ಹರಿದುಹೋಯಿತೆಂದು ಲೆಕ್ಕ ಹಾಕಿದರೆ, ಬರುವ ನೀರು ಸೆಕೆಂಡಿಗೆ 1,170 ಲೀಟರ್. 53 ಸಾವಿರ ಜನರ ಇಡೀ ಊರಿನ ಬೆಳಗಿನ ಕೊಳಚೆಯ ಏಳೆಂಟು ಪಟ್ಟು. ಇಷ್ಟನ್ನು ಎತ್ತುವ ಪಂಪುಗಳು ವರ್ಷದಲ್ಲಿ ಕೆಲವೇ ಗಂಟೆ ಓಡುತ್ತವೆ, ಆ ಕೆಲವೇ ಗಂಟೆಗಳಲ್ಲಿಯೇ ಗುಡುಗು ಸಿಡಿಲಿಗೆ ಕರೆಂಟು ಹೋಗಿರುತ್ತದೆ. ಹೀಗಾಗಿ ರೈಲ್ವೆ ಕೆಳಸೇತುವೆಯಂಥ, ನೀರಿಗೆ ಹೊರಹೋಗುವ ಬೇರೆ ದಾರಿಯೇ ಇಲ್ಲದ ತಗ್ಗುಗಳಿಗೆ ಮಾತ್ರ ಪಂಪನ್ನು ಮೀಸಲಿಡುವುದು, ಅಲ್ಲಿಯೂ ಸುತ್ತಲಿನ ನೀರು ತಗ್ಗಿಗೆ ಇಳಿಯದಂತೆ ಅಂಚಿನಲ್ಲಿಯೇ ತಡೆದು ಆಚೆಗೆ ತಿರುಗಿಸುವುದು, ಜನರೇಟರನ್ನು ನೀರು ಮುಟ್ಟದ ಎತ್ತರದಲ್ಲಿಡುವುದು ವಿವೇಕದ ಮಾರ್ಗ.

ಉಳಿದ ಕಡೆಗಳಲ್ಲಿ ಮಳೆನೀರಿಗೆ ಪಂಪಿಗಿಂತ ಉತ್ತಮವಾದ ಯಂತ್ರ ಈ ಸೀಮೆಯಲ್ಲಿ ಹೊಯ್ಸಳರ ಕಾಲದಿಂದಲೂ ಇದೆ, ಅದು ಕೆರೆ. ಒಂದು ಕೆರೆಯ ಕೋಡಿ ಇನ್ನೊಂದಕ್ಕೆ ಹರಿಯುವಂತೆ ಕಟ್ಟಿದ ಸರಪಳಿ ಸೆಕೆಂಡಿಗೆ ಬರುವ ರಭಸವನ್ನು ತಿಂಗಳುಗಳ ನಿಧಾನಕ್ಕೆ ಬದಲಿಸುತ್ತದೆ. ಯಗಚಿಯ ನೀರನ್ನು ರಣಘಟ್ಟದಿಂದ ಹಳೇಬೀಡಿನ ಕೆರೆಗೆ ಹರಿಸಬೇಕೆಂದು ಆ ಭಾಗದ ರೈತರು ಹೋರಾಡಿ ಪಡೆದ ಯೋಜನೆಯೂ ದಿಣ್ಣೆಯ ಮೇಲೆ ಎತ್ತದೆ ಸುರಂಗದಿಂದ ದಿಣ್ಣೆಯನ್ನು ಸೀಳಿಕೊಂಡು ಹೋಗುವುದನ್ನೇ ನೆಚ್ಚಿದೆ. ಸುರಂಗ ತೋಡುವ ಖರ್ಚು ಒಂದೇ ಸಲದ್ದು. ಪಂಪಿನ ಖರ್ಚು ಪ್ರತಿದಿನದ್ದು.

ಒಂದೇ ನೀರು, ಮೂರು ಲೆಕ್ಕ

ಕುಡಿಯುವ ನೀರು, ಕೊಳಚೆ, ಮಳೆನೀರು ಎಂಬ ಮೂರು ಕಡತಗಳು ಕಚೇರಿಯಲ್ಲಿ ಬೇರೆಬೇರೆಯಾಗಿದ್ದರೂ ದಿಣ್ಣೆಯ ಆಚೆಯ ಊರಿನಲ್ಲಿ ಅವು ಒಂದೇ ನೀರಿನ ಮೂರು ಅವಸ್ಥೆಗಳು. ಹೇಮಾವತಿಯಿಂದ ಇಷ್ಟೆಲ್ಲ ವಿದ್ಯುತ್ತು ಸುರಿದು ಏರಿಸಿದ ನೀರನ್ನು ಒಮ್ಮೆ ಬಳಸಿ ಕೊಳಚೆಯಾಗಿ ಹಳ್ಳಕ್ಕೆ ಬಿಟ್ಟರೆ, ಅದರೊಡನೆ ಕೊಟ್ಟ ಎತ್ತರವೂ ಹರಿದುಹೋದಂತೆಯೇ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರನ್ನು 2018ರಿಂದ ಕೋಲಾರದ ಕೆರೆಗಳಿಗೆ ಪಂಪು ಮಾಡುತ್ತಿರುವ ಯೋಜನೆ, ಸಂಸ್ಕರಣೆಯ ಗುಣಮಟ್ಟದ ಬಗ್ಗೆ ನ್ಯಾಯವಾದ ಪ್ರಶ್ನೆಗಳನ್ನು ಎದುರಿಸಿದರೂ, ಬಳಸಿದ ನೀರಿಗೆ ಎರಡನೆಯ ಬದುಕು ಕೊಡಬಹುದೆಂದು ತೋರಿಸಿದೆ. ಅರಸೀಕೆರೆಯಂಥ ಊರಿಗೆ ಇದು ಇನ್ನೂ ಸುಲಭ, ಏಕೆಂದರೆ ದಿಣ್ಣೆಯ ಇಳಿಜಾರಿನಲ್ಲಿರುವ ಊರಿನ ಕೆಳಗೆ ಕೆರೆಗಳಿವೆ, ಚೆನ್ನಾಗಿ ಸಂಸ್ಕರಿಸಿದ ನೀರು ಅಲ್ಲಿಗೆ ತಾನಾಗಿಯೇ ಇಳಿಯಬಲ್ಲದು. ಶುದ್ಧೀಕರಣ ಘಟಕದ ಜಾಗವನ್ನು ಆರಿಸುವ ದಿನವೇ ಕೆಳಗಿನ ಕೆರೆಯ ಮಟ್ಟವನ್ನೂ ಅಳೆದು ಇಟ್ಟುಕೊಂಡರೆ, ಮುಂದೊಂದು ಪಂಪ್‌ಹೌಸ್ ಕಟ್ಟುವ ಅಗತ್ಯವೇ ತಪ್ಪುತ್ತದೆ.

ಆದ್ದರಿಂದ ಪಂಪಿನ ಎಚ್‌ಪಿ ಎಷ್ಟು ಎಂಬುದು ವಿನ್ಯಾಸದ ಕೊನೆಯ ಪ್ರಶ್ನೆಯಾಗಬೇಕು. ನೀರು ಎಷ್ಟಿದೆ, ಅದು ಯಾವ ಹೊತ್ತಿಗೆ ಎಷ್ಟು ಬರುತ್ತದೆ, ಅದರಲ್ಲಿ ಏನೇನು ತೇಲುತ್ತದೆ, ನೆಲದ ಇಳಿಜಾರು ಎಷ್ಟು ದೂರ ಅದನ್ನು ಪುಕ್ಕಟೆಯಾಗಿ ಒಯ್ಯಬಲ್ಲದು, ಕರೆಂಟು ಹೋದಾಗ ಏನಾಗುತ್ತದೆ, ರಿಪೇರಿಗೆ ಇಳಿಯುವವನ ಪ್ರಾಣಕ್ಕೆ ಯಾರು ಹೊಣೆ ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಸಿಕ್ಕ ಮೇಲೆ ಉಳಿಯುವ ಎತ್ತರವನ್ನು ಮಾತ್ರ ಪಂಪಿಗೆ ವಹಿಸಬೇಕು. ಹಾಗೆ ಕಟ್ಟಿದ ಪಂಪ್‌ಹೌಸ್ ಚಿಕ್ಕದಾಗಿರುತ್ತದೆ, ಅದನ್ನು ಸಾಮಾನ್ಯ ಪುರಸಭೆಯೊಂದು ತನ್ನ ನೀರುಗಂಟಿ ಮತ್ತು ಆಪರೇಟರರ ಬಲದಿಂದ, ತನ್ನ ತೆರಿಗೆಯ ಹಣದಿಂದಲೇ ದಶಕಗಳ ಕಾಲ ನಡೆಸಿಕೊಂಡು ಹೋಗಬಲ್ಲದು.